ಮಳೆಗೆ ಬಿಟ್ಟ ಮೈ

ಅತ್ತೆಯ ಹೆಬ್ಬೆರಳಿನ ಉಗುರಿನಡಿ ಯಾವಾಗಲೂ ಬೂದು ಬಣ್ಣದ ಜೇಡಿಮಣ್ಣಿನ ಗೆರೆಯೊಂದು ಇರುತ್ತಿತ್ತು. ಬಲಗೈಯ ಹೆಬ್ಬೆರಳು ಎಂದು ಬರೆಯಹೊರಟವಳು ನಿಂತೆ. ಅವಳು ಅನ್ನ ಕಲಸುವಾಗ ಆ ಗೆರೆ ಕಂಡ ನೆನಪಿಲ್ಲ, ಕಾಫಿ ಲೋಟ ಹಿಡಿದು ಕೂತಾಗ ಕಂಡ ನೆನಪಿದೆ. ಹಾಗಾದರೆ ಎಡಗೈ ಇರಬೇಕು. ಅವ್ವನನ್ನು ಕೇಳಿದರೆ, ಕೆಲಸ ಮುಗಿದ ಮೇಲೆ ಅತ್ತೆ ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ ಕೈ ತೊಳೆಯುತ್ತಿದ್ದಳು, ಉಗುರಿನಲ್ಲಿ ಮಣ್ಣು ಇರಲೇ ಇಲ್ಲ ಅನ್ನುತ್ತಾಳೆ.

ಹೈಸ್ಕೂಲಿನಿಂದಲೂ ಡೈರಿ ಬರೆಯುತ್ತ ಬಂದಿದ್ದೇನೆ. ಆದರೆ ಅತ್ತೆ ತೀರಿಕೊಂಡ ಮಳೆಗಾಲದಲ್ಲಿ ಒಂದು ಸಾಲೂ ಬರೆಯಲಿಲ್ಲ. ಹಾಗಾಗಿ ಮುಂದಿನದೆಲ್ಲ ನೆನಪಿನಿಂದ. ಕೆಲವು ತಪ್ಪಿರಬಹುದು. ಯಾವುದು ತಪ್ಪು ಎಂದು ಗೊತ್ತಿದ್ದರೆ ತಿದ್ದುತ್ತಿದ್ದೆ.

ಅವಳು ಅಪ್ಪನ ತಂಗಿ. ಬರೋಡಾಕ್ಕೆ ಹೋಗಿ ಶಿಲ್ಪ ಕಲಿತು, ಕೆಲವು ವರ್ಷ ಬೆಂಗಳೂರಿನಲ್ಲಿದ್ದು, ತೊಂಬತ್ತರ ದಶಕದ ಮಧ್ಯದಲ್ಲಿ ಹೆತ್ತೂರಿನ ಮೇಲಿನ ನಮ್ಮ ಕಾಫಿ ತೋಟಕ್ಕೆ ವಾಪಸು ಬಂದಳು. ಮದುವೆಯಾಗಿರಲಿಲ್ಲ. ಅದರ ಬಗ್ಗೆ ಜನ ಮೊದಮೊದಲು ಕೇಳಿದರು, ಆಮೇಲೆ ಅವಳು ಮಾಡುವ ಕೆಲಸವೇ ಅದಕ್ಕಿಂತ ದೊಡ್ಡ ಸುದ್ದಿಯಾಯಿತು. ಕಾಫಿ ಮೂಟೆ ಇಡುವ ಸ್ಟೋರಿನಲ್ಲಿ ಅರ್ಧ ಜಾಗ ಬಿಡಿಸಿಕೊಂಡು, ಅಲ್ಲಿ ಮಣ್ಣಿನಲ್ಲಿ ಮನುಷ್ಯರ ಮೈ ಮಾಡುತ್ತಿದ್ದಳು. ಇಡೀ ಮನುಷ್ಯರನ್ನಲ್ಲ. ಒಂದು ಬೆನ್ನು, ಒಂದು ಮೊಣಕಾಲು, ಹೆತ್ತು ಜೋತ ಹೊಟ್ಟೆ. ಮುಖವನ್ನು ಮಾತ್ರ ಯಾವತ್ತೂ ಮಾಡಲಿಲ್ಲ. "ಮುಖ ಕಂಡ ಕೂಡ್ಲೆ ಜನ ಇದು ಯಾರು ಅಂತ ಕೇಳ್ತಾರೆ. ಆಮೇಲೆ ನೋಡೋದನ್ನೇ ಬಿಟ್ಬಿಡ್ತಾರೆ" ಎನ್ನುತ್ತಿದ್ದಳು.

ನಮ್ಮ ಗುಡ್ಡದ ಕೆಂಪು ಮಣ್ಣಿನಲ್ಲಿ ಕಲ್ಲು ಹೆಚ್ಚು, ಬೆರಳಿಗೆ ಒಗ್ಗುವುದಿಲ್ಲ. ಬೇಸಿಗೆಯಲ್ಲಿ ಆಲೂರಿನ ಕಡೆ ಕೆರೆ ಬತ್ತಿದಾಗ ಅಲ್ಲಿಂದ ಜೀಪಿನಲ್ಲಿ ಮಣ್ಣು ತರಿಸುತ್ತಿದ್ದಳು. ಅದಕ್ಕೆ ಭತ್ತದ ಹೊಟ್ಟು, ಸಗಣಿ ಸೇರಿಸಿ ತುಳಿಯುವುದು ರಜೆಯಲ್ಲಿ ನನ್ನ ಕೆಲಸ. ಅಪ್ಪ ಸ್ಟೋರಿನ ಬಾಗಿಲಲ್ಲಿ ನಿಂತು ರೇಗಿಸುತ್ತಿದ್ದ.

"ಆಲೂರಿನ ಮಣ್ಣು ಹೊತ್ಕಂಡು ಬಂದು ಹೆತ್ತೂರಿನ ಮಳೆಗೆ ಹಾಕ್ತೀಯಲ್ಲೇ. ಕೆರೇಲೆ ಬಿದ್ದಿದ್ರೆ ಏನಾಗ್ತಿತ್ತು ಅದಕ್ಕೆ?"

"ಕೆರೇಲಿ ಅದು ಬೆನ್ನಾಗ್ತಿರಲಿಲ್ಲ ಅಣ್ಣ."

ಮಳೆಗೆ ಹಾಕುವುದು ಎಂದು ಅಪ್ಪ ಹೇಳಿದ್ದು ತಮಾಷೆಯಲ್ಲ. ಅತ್ತೆ ಯಾವುದನ್ನೂ ಸುಡುತ್ತಿರಲಿಲ್ಲ. ಮುಂಗಾರು ಹಿಡಿಯುವ ಮುಂಚೆ ಹಸಿ ಮಣ್ಣಿನ ಆ ಮೈಗಳನ್ನು ಒಯ್ದು ಮರಗಳ ಕೆಳಗೆ ಇಟ್ಟುಬಿಡುವಳು. ಮಳೆ ಅವನ್ನು ಕರಗಿಸುವವರೆಗೆ ದಿನಾ ಹೋಗಿ ನೋಡುವಳು, ಫೋಟೋ ತೆಗೆಯುವಳು. ಪ್ರದರ್ಶನಕ್ಕೆ ಹೋಗುತ್ತಿದ್ದುದು ಆ ಫೋಟೋಗಳು ಮಾತ್ರ. ಬೆಂಗಳೂರಿನಿಂದ ಬಂದ ಗ್ಯಾಲರಿಯವರೊಬ್ಬರು, ಒಂದನ್ನಾದರೂ ಸುಟ್ಟು ಉಳಿಸಿಕೊಡಿ ಎಂದು ಕೇಳಿದಾಗ, "ಸುಟ್ರೆ ಹೆಂಚಾಗ್ತದೆ. ಹೆಂಚು ಮಾಡೋರು ಬೇಕಾದಷ್ಟು ಜನ ಇದಾರೆ" ಎಂದು ಅವರಿಗೆ ಕಾಫಿ ಕೊಟ್ಟು ಕಳಿಸಿದಳು.

ಅವಳು ಮೈಗಳನ್ನು ಇಡುತ್ತಿದ್ದುದು ತೋಟದ ಮೇಲಿನ ದೇವರಕಾಡಿನಲ್ಲಿ. ಅಲ್ಲಿ ಗುಡಿಯಿಲ್ಲ, ಮರಗಳ ಬುಡದಲ್ಲಿ ಅರಿಶಿನ ಹಚ್ಚಿದ ಕೆಲವು ಕಲ್ಲುಗಳಿವೆ ಅಷ್ಟೆ. ಆ ಕಾಡಿನ ಕಟ್ಟಳೆಗಳು ಊರಿನ ಮಕ್ಕಳಿಗೂ ಗೊತ್ತು. ಒಳಗಿನದನ್ನು ಹೊರಗೆ ತರಬಾರದು, ಒಂದು ಒಣಕಡ್ಡಿಯನ್ನೂ. ಒಳಗೆ ಕಬ್ಬಿಣ ಒಯ್ಯಬಾರದು, ಸೊಂಟದ ಕತ್ತಿಯನ್ನು ಗಡಿಕಲ್ಲಿನ ಹತ್ತಿರ ಇಟ್ಟೇ ಹೋಗಬೇಕು. ಯಾರಾದರೂ ಕಬ್ಬಿಣ ಒಯ್ದರೆ ಆ ಗಡಿಕಲ್ಲಿಗೆ ಒಂದು ಹುಂಜ ಕಟ್ಟಿ ಬರಬೇಕು. ಪೂಜಾರಿ ಅದನ್ನು ಬಿಚ್ಚಿಕೊಂಡು ಹೋಗುತ್ತಾನೆ. ಯಾರು ಕಟ್ಟಿದ್ದು, ಯಾಕೆ ಎಂದು ಅವನು ಕೇಳುವಂತಿಲ್ಲ, ಕಟ್ಟಿದವರು ಬಾಯಿಬಿಟ್ಟು ಹೇಳುವಂತಿಲ್ಲ. ಅದು ತಪ್ಪು ಮಾಡಿದವರಿಗೂ ದೇವರಿಗೂ ಬಿಟ್ಟದ್ದು.

ಅತ್ತೆ ಅಲ್ಲಿ ಕೈಮುಗಿದದ್ದನ್ನು ನಾನು ಕಂಡಿಲ್ಲ. ಆದರೆ ಬೇರೆಲ್ಲೂ ಇಲ್ಲದ ಒಂದು ನಿಧಾನ ಅಲ್ಲಿ ಅವಳ ನಡಿಗೆಗೆ ಬರುತ್ತಿತ್ತು. ಮಳೆಗಾಲದಲ್ಲಿ ಇಂಬಳ ಕಾಲಿಗೆ ಹತ್ತಿದರೆ ನಾವೆಲ್ಲ ಉಪ್ಪು ಹುಡುಕುತ್ತಿದ್ದೆವು. ಅವಳು ಬೇರಿನ ಮೇಲೆ ಕೂತು, ಅದು ರಕ್ತ ಕುಡಿದು ಉಬ್ಬಿ ತಾನಾಗಿ ಉದುರುವವರೆಗೆ ನೋಡುತ್ತಿದ್ದಳು. "ಸಾಕಾದ ಮೇಲೆ ಬಿಡ್ತದೆ ಕಣೇ. ಮನುಷ್ಯರು ಬಿಡಲ್ಲ." ಇದನ್ನು ಅವಳು ನಗುತ್ತ ಹೇಳಿದ್ದು. ಬರೆದಾಗ ಯಾಕೋ ಉಪದೇಶದ ಹಾಗೆ ಕಾಣುತ್ತಿದೆ.

ಲೈನಿನ ಹೆಂಗಸರಿಗೆ, ಅಂದರೆ ತೋಟದ ಸಾಲುಮನೆಗಳಲ್ಲಿದ್ದ ಕೆಲಸದವರಿಗೆ, ಅವಳು ಅಮ್ಮಣ್ಣಿ. ಹಣ್ಣು ಬಿಡಿಸುವ ಒಬ್ಬ ಹೆಂಗಸಿನ ಬೆನ್ನನ್ನು ಒಂದು ಬೇಸಿಗೆಯಲ್ಲಿ ಮಾಡಿದಳು. ಆಕೆ ರವಿಕೆ ಬಿಚ್ಚಿ ಮೂಟೆಯ ಮೇಲೆ ಬೆನ್ನು ತಿರುಗಿಸಿ ಕೂತು ಬಾಯಿ ಮುಚ್ಚದೆ ಮಾತಾಡುತ್ತಿದ್ದಳು.

"ಗಂಡ ಹೊಡ್ದಿದ್ದು ಒಂದು ಗುರ್ತು ಐತೆ, ಅದ್ನ ಬುಟ್ಬುಡಿ ಅಮ್ಮಣ್ಣಿ. ಊರೆಲ್ಲ ನೋಡ್ತದೆ."

"ಬಿಡಲ್ಲ. ಅವನೂ ನೋಡ್ಲಿ."

"ಅಯ್ಯೋ, ಅವ್ನು ನೋಡಿದ್ರೆ ನಂದೇ ಕೈಕೆಲಸ ಅಂತ ಮೀಸೆ ತಿರುವ್ತಾನೆ."

ಮುಗಿದ ಮೇಲೆ ಆಕೆ ಅದರ ಮುಂದೆ ಬಂದು ನಿಂತಳು. "ಇಷ್ಟಗ್ಲ ಐತಾ ನನ್ನ ಬೆನ್ನು" ಎಂದಷ್ಟೇ ಹೇಳಿದಳು. ಆ ಮಳೆಗಾಲದಲ್ಲಿ ಬೆನ್ನು ಕರಗಿಹೋಯಿತು. ತನ್ನ ಬೆನ್ನುನೋವನ್ನೂ ಅದು ತಗೊಂಡು ಹೋಯಿತು ಎಂದು ಆಕೆ ಎಲ್ಲರಿಗೂ ಹೇಳಿಕೊಂಡು ಬಂದಳು. ಅಲ್ಲಿಂದ ಅತ್ತೆಯ ಹತ್ತಿರ ಹೆಂಗಸರು ತಾವಾಗಿ ಬರತೊಡಗಿದರು, ನೋಯುವ ಮಂಡಿ, ಊದಿದ ಪಾದ ತೋರಿಸಿಕೊಂಡು. ಮೈ ಕರಗಿದರೆ ನೋವು ಹೋಗುತ್ತದೆ ಎಂಬ ಮಾತು ಯಸಳೂರಿನವರೆಗೂ ಹಬ್ಬಿತು. "ನಾನೇನು ನಾಟಿ ವೈದ್ಯಳಾ?" ಎಂದು ಅತ್ತೆ ಗೊಣಗುತ್ತಿದ್ದಳು, ಆದರೆ ಯಾರನ್ನೂ ವಾಪಸು ಕಳಿಸಲಿಲ್ಲ. ಅಪ್ಪ ನಗುತ್ತಿದ್ದ. ಅವನು ಜಾತಕ ನೋಡದ, ದಾರ ಕಟ್ಟಿಸಿಕೊಳ್ಳದ ಮನುಷ್ಯ. ಕಾಡಿಗೆ ಹೋಗುವಾಗ ಕತ್ತಿ ಬಿಚ್ಚಿಡುವುದನ್ನು ಮಾತ್ರ ಮರೆಯುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ, ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ, ಅತ್ತೆಯ ಎದೆಯಲ್ಲಿ ಗಡ್ಡೆ ಸಿಕ್ಕಿತು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಎಡ ಮೊಲೆ ತೆಗೆದರು. ಕೂದಲು ಹೋಯಿತು, ತಿರುಗಿ ಬಂತು. ಮುಂದಿನ ವರ್ಷ ಬೆನ್ನುಮೂಳೆಗೆ ಬಂದಿದೆ ಎಂದರು. ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಅಪ್ಪನಿಗೆ ಹೇಳುವಾಗ ಅತ್ತೆ ಪಕ್ಕದ ಕುರ್ಚಿಯಲ್ಲೇ ಇದ್ದಳಂತೆ. ವಾಪಸು ಬರುವ ದಾರಿಯಲ್ಲಿ ಆಲೂರಿನಲ್ಲಿ ಜೀಪು ನಿಲ್ಲಿಸಿ, ಮಣ್ಣು ಬೇಕು ಎಂದಳಂತೆ. ಎಷ್ಟು ಎಂದು ಅಪ್ಪ ಕೇಳಿದ್ದಕ್ಕೆ, "ನನ್ನಷ್ಟು."

ಆ ಬೇಸಿಗೆ ರಜೆಯಲ್ಲಿ ನಾನು ತುಳಿದ ಮಣ್ಣು ಅದೇ. ಅತ್ತೆ ತನ್ನನ್ನೇ ಮಾಡಿಕೊಂಡಳು, ಮಗ್ಗುಲಾಗಿ ಮಲಗಿದ ಹಾಗೆ, ಮಂಡಿ ಮಡಚಿ, ಕುತ್ತಿಗೆಯವರೆಗೆ. ತುಂಬ ಹೊತ್ತು ಕೂರಲು ಆಗುತ್ತಿರಲಿಲ್ಲ. ಸ್ವಲ್ಪ ಮಾಡುವುದು, ಮಲಗುವುದು, ಮತ್ತೆ ಏಳುವುದು. ಎದೆಯ ಹತ್ತಿರ ಬಂದಾಗ ಕೈ ನಿಂತಿತು. ಕನ್ನಡಿ ತಂದುಕೊಟ್ಟೆ, ಬೇಡ ಎಂದಳು. ಕನ್ನಡಿಯಲ್ಲಿ ಕಾಣುವುದು ಬೇರೆ, ಇರುವುದು ಬೇರೆ ಎಂದಳು. ಅವ್ವನನ್ನು ಕರೆಸಿದಳು.

"ಅತ್ತಿಗೆ, ನೀವು ಒಂದು ಕೈಯಲ್ಲಿ ಇಲ್ಲಿ ಮುಟ್ಟಿ. ಇನ್ನೊಂದು ಕೈಯಲ್ಲಿ ಅಲ್ಲಿ ಹಂಗೇ ಮಾಡಿ."

"ನಂಗೇನು ಬರ್ತದೆ ಮಾರಾಯ್ತಿ? ನಾನು ರೊಟ್ಟಿ ತಟ್ಟೋಳು."

"ಅದೇ ಬೇಕಾಗಿರೋದು. ತಟ್ಟಿ."

ಅವ್ವ ಸೆರಗು ಸಿಕ್ಕಿಸಿಕೊಂಡು ಕೂತಳು. ಎಡಗೈ ಅತ್ತೆಯ ಎದೆಯ ಹೊಲಿಗೆಯ ಮೇಲೆ, ಬಲಗೈ ಹಸಿ ಮಣ್ಣಿನ ಮೇಲೆ. ಎಡಗೈ ಸ್ವಲ್ಪ ಸರಿದರೆ ಬಲಗೈಯೂ ಸರಿಯುತ್ತಿತ್ತು. ಹೊಲಿಗೆ ಎಲ್ಲಿ ಗಂಟಾಗಿದೆ, ಎಲ್ಲಿ ಚರ್ಮ ಪಕ್ಕೆಲುಬಿಗೆ ಅಂಟಿದೆ ಎಂದು ಅವಳ ಬೆರಳುಗಳು ಕೇಳಿ ಕೇಳಿ ಮಾಡುತ್ತಿದ್ದವು. ಅವ್ವನ ಮೂಗಿನ ತುದಿಯಿಂದ ನೀರು ಮಣ್ಣಿನ ಮೇಲೆ ಬಿತ್ತು, ಅದನ್ನೂ ಸೇರಿಸಿ ತಟ್ಟಿದಳು. ಈ ನೆನಪನ್ನು ಮಾತ್ರ ಯಾರು ಅಲ್ಲಗಳೆದರೂ ನಾನು ಬಿಟ್ಟುಕೊಡುವುದಿಲ್ಲ.

ಅದನ್ನು ಹಲಗೆಯ ಮೇಲೆ ಹೊತ್ತು ದೇವರಕಾಡಿಗೆ ಒಯ್ದವರಲ್ಲಿ ಅಪ್ಪನೂ ಒಬ್ಬ. ಇಳಿಸಿ ವಾಪಸು ಬಂದ ಮೇಲೆ ಅವನು ಕೇಳಿದ, "ಇದ್ಯಾಕಮ್ಮ ಇದೆಲ್ಲ?"

ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಗಡಿಕಲ್ಲಿನವರೆಗೆ ಕರೆತಂದಿದ್ದರು. ಅವಳು ಹೇಳಿದ್ದು, "ಈ ಮಳೇಲಿ ಅದು ಕರಗ್ತದಣ್ಣ. ಅದರ ಜೊತೆ ನಾನೂ." ಅವ್ವ ಹೇಳುವಂತೆ ಅವಳು ಹೇಳಿದ್ದು, "ಅದರ ಜೊತೆ ನನ್ನ ನೋವೂ." ಎರಡರಲ್ಲಿ ಯಾವುದು ಎಂದು ನನಗೆ ಈಗ ಖಚಿತವಿಲ್ಲ. ಅಪ್ಪ ಕೇಳಿಸಿಕೊಂಡದ್ದು ನಾನು ಕೇಳಿಸಿಕೊಂಡದ್ದೇ ಇರಬೇಕು. ಯಾಕೆಂದರೆ ಮುಂಗಾರಿನ ಮೊದಲ ಮೋಡ ಕವಿದ ಮಧ್ಯಾಹ್ನ ಅವನು ಸ್ಟೋರಿನಿಂದ ಜಿಂಕ್ ಶೀಟು ಹೊತ್ತು, ಸುತ್ತಿಗೆ ಮೊಳೆ ಹಿಡಿದು, ಊರಿನವರು ನೋಡುತ್ತಿದ್ದಂತೆಯೇ ಕಾಡಿನೊಳಗೆ ಹೋದ. ಬಿದಿರಿನ ಗೂಟ ನೆಟ್ಟು, ತಂಗಿಯ ಮಣ್ಣಿನ ಮೈಮೇಲೆ ಸೂರು ಹೊದಿಸಿ, ಸುತ್ತಲೂ ನೀರು ಹರಿಯದಂತೆ ಕಾಲುವೆ ತೆಗೆದ. ವಾಪಸು ಬಂದು ಒಂದು ಹುಂಜ ಹಿಡಿದುಕೊಂಡು ಹೋಗಿ ಗಡಿಕಲ್ಲಿಗೆ ಕಟ್ಟಿದ.

ಮಳೆಗಾಲ ಶುರುವಾದ ಮೇಲೆ ಅತ್ತೆ ಹಾಸಿಗೆಯಿಂದ ಏಳಲಿಲ್ಲ. ಅಪ್ಪ ತೋಟ ಸುತ್ತಿ ಬಂದು ಒದ್ದೆ ಟೋಪಿ ತೆಗೆಯುವುದರೊಳಗೆ ಕೇಳುವಳು.

"ಕರಗ್ತಾ ಐತಾ ಅಣ್ಣ?"

"ಹೂಂ. ಕಾಲಿನ ಕಡೆ ಶುರುವಾಗೈತೆ."

ಮಾರನೆಯ ದಿನ ಮಂಡಿ. ಅದರಾಚೆಯ ದಿನ ಹೊಟ್ಟೆ ಸ್ವಲ್ಪ. ಅಪ್ಪ ಸುಳ್ಳು ಹೇಳಿ ರೂಢಿಯಿಲ್ಲದವನು, ಒಮ್ಮೆ ಕರಗಿಸಿದ ಕಾಲನ್ನೇ ಇನ್ನೊಮ್ಮೆ ಕರಗಿಸಿದ. ರಜೆ ಮುಗಿಸಿ ಮೈಸೂರಿಗೆ ಹೋಗಿದ್ದ ನಾನು ವಾಪಸು ಬಂದ ದಿನ ಅತ್ತೆ ನನ್ನ ಮಣಿಕಟ್ಟು ಹಿಡಿದು, "ನೀನು ಹೋಗಿ ನೋಡಿ ಬಾ. ಇದ್ದದ್ದು ಇದ್ದ ಹಂಗೆ ಹೇಳು" ಎಂದಳು. ಹೋಗಿ ನೋಡಿದೆ. ಶೀಟಿನ ಮೇಲೆ ಮಳೆ ಸದ್ದು ಮಾಡುತ್ತಿತ್ತು. ಕೆಳಗೆ ಮೈ ಒಣಗಿ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಯಾರೋ ಪಾದದ ಹತ್ತಿರ ಕುಂಕುಮ ಹಚ್ಚಿ ಹೂವಿಟ್ಟಿದ್ದರು.

ಇದ್ದ ಹಾಗೆಯೇ ಹೇಳಿದೆ. "ಅಪ್ಪ ಶೀಟು ಹೊದಿಸಿದಾನೆ ಅತ್ತೆ. ಏನೂ ಕರಗಿಲ್ಲ."

ಅವಳು ಛಾವಣಿಯ ಕಡೆ ಮುಖ ತಿರುಗಿಸಿದಳು. ಆಮೇಲೆ, "ನಂಗೆ ಗೊತ್ತಾಯ್ತು ಅಂತ ಅಣ್ಣಂಗೆ ಹೇಳ್ಬೇಡ" ಎಂದಳು. ಸಂಜೆ ಅಪ್ಪ ಬಂದಾಗ ಎಂದಿನಂತೆ ಕೇಳಿದಳು, ಕರಗ್ತಾ ಐತಾ ಅಣ್ಣ. ಅಪ್ಪ ಸೊಂಟದವರೆಗೆ ಎಂದ. "ಹೌದಾ, ಬೇಗ ಆಯ್ತು" ಎಂದಳು. ಅಡಿಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು, ಕೈಯಲ್ಲಿ ಬಿಸಿನೀರಿನ ಚೊಂಬು.

ನೋವು ಹೇಗಿತ್ತೆಂದು ಬರೆಯಲಾರೆ. ಹಾಸನದಿಂದ ತಂದ ಮಾತ್ರೆಗಳಿಗೆ ಅದು ಸ್ವಲ್ಪ ಹೊತ್ತು ಕೇಳುತ್ತಿತ್ತು, ಆಮೇಲೆ ಕೇಳುತ್ತಿರಲಿಲ್ಲ. ಮಗ್ಗುಲು ಬದಲಿಸಲು ಇಬ್ಬರು ಬೇಕು, ಬದಲಿಸುವಾಗ ಅವಳ ಗಂಟಲಿನಿಂದ ಬರುತ್ತಿದ್ದ ಸದ್ದು ಮನುಷ್ಯರದಾಗಿರಲಿಲ್ಲ. ಅಪ್ಪ ಆಗ ಅಂಗಳಕ್ಕೆ ಹೋಗಿ ಮಳೆಯಲ್ಲಿ ನಿಲ್ಲುತ್ತಿದ್ದ. ಅವ್ವ ಹೋಗುವಂತಿರಲಿಲ್ಲ. ಒರೆಸುವವಳು, ತೊಳೆಯುವವಳು, ಗಂಜಿ ಕುಡಿಸುವವಳು ಅವಳೇ. ಅತ್ತೆಯ ಎದೆಯ ಹೊಲಿಗೆಯ ಪಕ್ಕ ಹುಣ್ಣಾಗಿತ್ತು. ಬೇರೆ ಯಾರೂ ಅಲ್ಲಿ ಮುಟ್ಟುವುದನ್ನು ಅವಳು ತಾಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಕೋಣೆಯಲ್ಲಿ ಓದುತ್ತಿದ್ದಾಗ ಅತ್ತೆಯ ದನಿ ಕೇಳಿಸಿತು.

"ಅತ್ತಿಗೆ. ಅದನ್ನ ನೀವೂ ಮಾಡಿದ್ರಲ್ವಾ, ನಿಮ್ಮ ಕೈಯಲ್ಲಿ."

"ಸುಮ್ಕಿರು" ಎಂದಳು ಅವ್ವ.

ಇಷ್ಟೇ. ಅಥವಾ ಇಷ್ಟೂ ಅಲ್ಲ. ಆ ಮಾತು ನಿಜವಾಗಿ ಕೇಳಿಸಿದ್ದೋ, ಆಮೇಲೆ ನಡೆದದ್ದಕ್ಕೆ ಹೊಂದಲಿ ಎಂದು ನಾನೇ ಕಟ್ಟಿಕೊಂಡದ್ದೋ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ.

ಆಮೇಲೆ ನಡೆದದ್ದು ಇದು. ಗಾಳಿ ಮಳೆ ಜೋರಾಗಿದ್ದ ವಾರ. ಬೆಳಿಗ್ಗೆ ನಾವು ತಿಂಡಿಗೆ ಕೂತಿದ್ದಾಗ ದೇವರಕಾಡಿನ ಪೂಜಾರಿ ಕಂಬಳಿಕೊಪ್ಪೆ ಹೊದ್ದುಕೊಂಡು ಜಗಲಿಗೆ ಬಂದ. ನೀರು ಸುರಿಯುತ್ತ ನಿಂತೇ ಮಾತಾಡಿದ.

"ಗೌಡ್ರೆ, ಕಾಡ್ನಾಗೆ ಶೀಟು ಇಳ್ದೈತೆ."

"ಗಾಳಿಗೆ ಹಾರಿರ್ಬೇಕು" ಎಂದ ಅಪ್ಪ, ತಟ್ಟೆಯಿಂದ ತಲೆ ಎತ್ತದೆ.

"ಗಾಳಿ ಮೊಳೆ ಕಿತ್ತು ಮುತ್ತುಗದೆಲೆ ಮೇಲೆ ಇಡಾಕಿಲ್ಲ ಗೌಡ್ರೆ. ಶೀಟ್ನ ಮರಕ್ಕೆ ಒರಗ್ಸಿ ಮಡಗೈತೆ. ಗಡಿಕಲ್ಲಲ್ಲಿ ಹುಂಜನೂ ಸಿಕ್ತು." ಅವನು ಕೊಪ್ಪೆಯ ನೀರು ಕೊಡವಿದ. "ನಾನೇನೂ ಕೇಳಾಕೆ ಬಂದಿಲ್ಲ. ಕೇಳಂಗೂ ಇಲ್ಲ. ಸಂದಾಯ ಆಗೈತೆ ಅಂತ ಹೇಳಿ ಹೋಗಾಣ ಅಂತ."

ಒಳಗೆ ಅವ್ವ ರೊಟ್ಟಿ ತಟ್ಟುವ ಸದ್ದು ನಿಲ್ಲಲಿಲ್ಲ. ಅಪ್ಪ ಮೊಳೆಗಳ ಬಗ್ಗೆ ಏನೂ ಕೇಳಲಿಲ್ಲ, ಶೀಟು ಮತ್ತೆ ಹೊದಿಸಲು ಹೋಗಲೂ ಇಲ್ಲ. ನಮ್ಮ ಕೆಂಪು ಹುಂಜ ಆ ದಿನದಿಂದ ಅಂಗಳದಲ್ಲಿ ಕಾಣಲಿಲ್ಲ. ಕಾಡುಬೆಕ್ಕು ಹಿಡಿದಿರಬೇಕು ಎಂದಳು ಅವ್ವ. ಇರಬೇಕು ಎಂದ ಅಪ್ಪ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳದೆ ಹಾಗೆ ಹೇಳಿದ್ದು ನನ್ನ ಕಣ್ಣಿಗೆ ಕಟ್ಟಿದೆ.

ಆ ಸಂಜೆ ಅತ್ತೆ ಎಂದಿನ ಪ್ರಶ್ನೆ ಕೇಳಿದಾಗ ಅಪ್ಪ ಮಂಚದ ಅಂಚಿನಲ್ಲಿ ಕೂತ. "ಕರಗ್ತಾ ಐತೆ ಕಣವ್ವ" ಎಂದ. ಈ ಸಲ ಕಾಲು, ಮಂಡಿ ಎಂದು ಏನೂ ಸೇರಿಸಲಿಲ್ಲ. ಅತ್ತೆ ಅವನ ಮುಖವನ್ನೇ ನೋಡುತ್ತಿದ್ದಳು. ಅವನ ಕೈಯನ್ನು ತನ್ನ ಕೆನ್ನೆಯ ಕೆಳಗೆ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಮುಂದಿನ ದಿನಗಳಲ್ಲಿ ಅವಳು ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ಮಣ್ಣು ಪೂರ್ತಿ ಕರಗಿದ ದಿನವೇ ಅವಳೂ ಹೋದಳು ಎಂದು ಊರಿನಲ್ಲಿ ಇವತ್ತಿಗೂ ಹೇಳುತ್ತಾರೆ. ಅದು ಹಾಗಲ್ಲ. ತೋಟದಲ್ಲಿ ಅಜ್ಜಿಯ ಪಕ್ಕ ಅವಳನ್ನು ಮಣ್ಣು ಮಾಡಿ ಬಂದ ಮೇಲೆ ನಾನು ಕಾಡಿಗೆ ಹೋಗಿ ನೋಡಿದ್ದೇನೆ. ಬೆನ್ನು, ಮಂಡಿ, ಅವ್ವ ತಟ್ಟಿದ ಎದೆ ಎಲ್ಲ ಹೋಗಿ ಎಲೆಗಳ ಮೇಲೆ ಬೂದು ನೀರಾಗಿ ಹರಡಿತ್ತು. ಸೊಂಟದ ಒಂದು ಏರು ಮಾತ್ರ ಉಳಿದಿತ್ತು, ಮೇಲೆ ಹೊಟ್ಟಿನ ಎಳೆಗಳು ಎದ್ದು ಕಾಣುತ್ತಿದ್ದವು. ಮುಟ್ಟಿದೆ. ಮೆತ್ತಗಿತ್ತು. ನೋವು ಅದರೊಂದಿಗೆ ಹೋಯಿತೋ, ಸಾವಿನೊಂದಿಗೆ ಹೋಯಿತೋ, ಅಥವಾ ಎಲ್ಲೂ ಹೋಗದೆ ಮನೆಯ ಮೂರು ಜನರಲ್ಲಿ ಹಂಚಿಕೆಯಾಯಿತೋ ನನಗೆ ತಿಳಿಯದು. ಶೀಟು ಮರಕ್ಕೆ ಒರಗಿಕೊಂಡೇ ಇತ್ತು. ಒಳಗಿನದನ್ನು ಹೊರಗೆ ತರುವಂತಿಲ್ಲವಲ್ಲ, ಈಗಲೂ ಅದು ಅಲ್ಲೇ ತುಕ್ಕು ಹಿಡಿದು ನಿಂತಿದೆ.

ಅಪ್ಪ ಅದಾಗಿ ಕೆಲವು ವರ್ಷಕ್ಕೆ ಹೃದಯಾಘಾತದಿಂದ ತೀರಿಕೊಂಡ. ಅಷ್ಟರಲ್ಲಿ ಒಮ್ಮೆಯೂ ಅವನು ಆ ಕಾಡಿಗೆ ಹೋಗಲಿಲ್ಲ. ತಾನೇ ಶೀಟು ಇಳಿಸಿದ್ದರಿಂದ ಹೋಗಲಾರದೆ ಹೋದನೋ, ಇನ್ಯಾರೋ ಇಳಿಸಿದ್ದಾರೆಂದು ತಿಳಿದಿದ್ದರಿಂದಲೋ. ಎರಡನ್ನೂ ನಂಬಿ ನೋಡಿದ್ದೇನೆ. ಸುತ್ತಿಗೆ ಹಿಡಿದು ಕಾಡಿಗೆ ಹೋಗುವ ಅಪ್ಪನನ್ನು ಕಣ್ಣಾರೆ ಕಂಡವಳಾದ್ದರಿಂದ ಅವನ ಚಿತ್ರ ಸುಲಭವಾಗಿ ಬರುತ್ತದೆ. ಮಳೆಯಲ್ಲಿ ಸೆರಗು ಸಿಕ್ಕಿಸಿಕೊಂಡು, ಒಂದು ಕಂಕುಳಲ್ಲಿ ಹುಂಜ ಇರುಕಿಕೊಂಡು ಏರು ಹತ್ತುವ ಅವ್ವನನ್ನು ನಾನು ಕಂಡಿಲ್ಲ. ಆದರೆ ಆ ಚಿತ್ರ ಅಪ್ಪನದಕ್ಕಿಂತ ಸ್ಪಷ್ಟವಾಗಿ ಬರುತ್ತದೆ. ನೆನಪನ್ನು ನಾನು ನಂಬದಿರುವುದು ಇದಕ್ಕೇ.

ಮೊನ್ನೆ ಊರಿಗೆ ಹೋದಾಗ ಅವ್ವ ಒಲೆಯ ಮುಂದೆ ಕೂತು ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಬಲಗೈ ಹಿಟ್ಟಿನ ಮೇಲೆ ಸುತ್ತುತ್ತಿತ್ತು, ಎಡಗೈ ತೊಡೆಯ ಮೇಲೆ ಸುಮ್ಮನಿತ್ತು. ಕಟ್ಟಿದವರು ಹೇಳುವಂತಿಲ್ಲ ಎಂಬುದು ನನಗೆ ಗೊತ್ತು. ಪೂಜಾರಿ ಕೇಳುವಂತಿಲ್ಲ ಎಂದೂ ಗೊತ್ತು. ಮಗಳು ಕೇಳಬಹುದೇ ಎಂದು ಯಾರೂ ಹೇಳಿಲ್ಲ. ನಾನು ಕೇಳಿದೆ. ಅವಳು ರೊಟ್ಟಿಯನ್ನು ಕಾವಲಿಗೆ ಹಾಕಿ, ಅಂಚಿಗೆ ನೀರು ಸವರಿ, ಇನ್ನೊಂದು ಉಂಡೆ ತೆಗೆದುಕೊಂಡಳು. ಎದ್ದು ಬರುವವರೆಗೂ ಏನೂ ಹೇಳಲಿಲ್ಲ, ಆಮೇಲೆ ಫೋನಿನಲ್ಲೂ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

"ಅವ್ವ, ಆ ಕೆಂಪು ಹುಂಜ ಕಟ್ಟಿದ್ದು ಅಪ್ಪನಾ, ನೀನಾ?"